ಚೀಲದ ಮೇಲಿನ ಕೈ

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಿಮಾನ ನಿಲ್ದಾಣದ ಗಾಜಿನ ಗೋಡೆಯಾಚೆ ಆಕಾಶ ಆರಿದ ಒಲೆಯ ಬೂದಿಯ ಹಾಗೆ ಬಿದ್ದುಕೊಂಡಿದೆ. ಉದ್ದನೆಯ ಹಜಾರದ ಆ ತುದಿಯಿಂದ ಸಾರಥಿ ಒಂದು ಗಾಲಿಕುರ್ಚಿ ತಳ್ಳಿಕೊಂಡು ಬರುತ್ತಾರೆ. ನೆಲದಲ್ಲಿ ಕಬ್ಬಿಣದ ಪಟ್ಟಿ ಬಂದಲ್ಲಿ ನಿಲ್ಲುತ್ತಾರೆ, ಕುರ್ಚಿ ತಿರುಗಿಸುತ್ತಾರೆ, ಹಿಮ್ಮುಖವಾಗಿ ಮೆಲ್ಲಗೆ ದಾಟಿಸುತ್ತಾರೆ. "ಸ್ವಲ್ಪ ಕುಲುಕತ್ತೆ, ಗಟ್ಟಿ ಹಿಡ್ಕೊಳ್ಳಿ" ಅನ್ನುತ್ತಾರೆ.

ಕುರ್ಚಿಯಲ್ಲಿ ಯಾರೂ ಇಲ್ಲ.

"ಅಭ್ಯಾಸ" ಎಂದು ನಗುತ್ತಾರೆ. "ಬಾಯಿಗೆ ಗೊತ್ತಾಗಲ್ಲ, ಕುರ್ಚಿ ಖಾಲಿ ಅಂತ."

ಸಾರಥಿ ಎನ್ನುವುದು ಜೊತೆಯವರು ಇಟ್ಟ ಹೆಸರು. ಹೆತ್ತವರು ಇಟ್ಟದ್ದು ಬೇರೆ ಇದೆ, ಈ ಪರದೇಶದಲ್ಲಿ ಅದನ್ನು ಯಾರೂ ಕೇಳಿಲ್ಲ. "ಸಾರಥಿನೂ ನಾನೇ, ಕುದುರೆನೂ ನಾನೇ" ಎನ್ನುವುದು ಅವರ ಹಳೆಯ ತಮಾಷೆ. ಹನ್ನೊಂದು ವರ್ಷದಿಂದ ಇಲ್ಲಿ ನಡೆಯಲಾರದವರನ್ನು ಬಾಗಿಲಿಂದ ವಿಮಾನದವರೆಗೆ, ವಿಮಾನದಿಂದ ಬಾಗಿಲವರೆಗೆ ತಳ್ಳುವುದು ಕಸುಬು. ದಿನಕ್ಕೆ ಹದಿನೈದು ಇಪ್ಪತ್ತು ಮಂದಿ. ನರೆತ ನೆತ್ತಿ, ಬಣ್ಣ ಮಾಸಿದ ಜಡೆ, ಟೋಪಿ, ಬೋಳು: ಮನುಷ್ಯರನ್ನು ಅವರು ಹಿಂದಿನಿಂದಲೇ ಬಲ್ಲರು. ಮುಖ ನೆನಪಿರುವುದಿಲ್ಲ, ಕೈ ನೆನಪಿರುತ್ತದೆ.

ಬರುವ ತಿಂಗಳು ಮಗಳು ಬರುತ್ತಾಳೆ, ಇದೇ ಊರಿಗೆ, ನರ್ಸಿಂಗ್ ಓದಲು. ಮೊನ್ನೆ ಫೋನಿನಲ್ಲಿ ಬಟ್ಟೆಬರೆಯ ಮಾತೆಲ್ಲ ಮುಗಿದ ಮೇಲೆ ಕೇಳಿದ್ದಾಳೆ: "ಅಪ್ಪಾ, ಅಲ್ಲಿ ಯಾರಾದ್ರೂ ಯಾವ ಕಡೆಯವಳು ಅಂತ ಕೇಳಿದ್ರೆ ಏನ್ ಹೇಳ್ಲಿ?" ಸಾರಥಿ ಸಿಗ್ನಲ್ ಹೋಯಿತೆಂದು ಫೋನ್ ಇಟ್ಟುಬಿಟ್ಟಿದ್ದಾರೆ. ಸಿಗ್ನಲ್ ಹೋಗಿರಲಿಲ್ಲ.

ಆ ಪ್ರಶ್ನೆ ಅವರಿಗೆ ಹೊಸದಲ್ಲ. ಕುರ್ಚಿಯಲ್ಲಿ ಕೂತವರಿಗೆ ಹೊತ್ತು ಹೋಗಬೇಕಲ್ಲ, ಲಿಫ್ಟಿನ ಹತ್ತಿರ ಬರುವಷ್ಟರಲ್ಲಿ ಕೇಳಿಯೇ ಕೇಳುತ್ತಾರೆ, ಯಾವ ಕಡೆಯವರಪ್ಪಾ ನೀವು ಎಂದು. ಸಾರಥಿ ತಮ್ಮ ಸೀಮೆಯ ಹೆಸರು ಹೇಳುತ್ತಾರೆ. "ಓ, ಹೌದಾ" ಎನ್ನುತ್ತಾರೆ ಅವರು. ದನಿಯಲ್ಲಿ ಏನೂ ವ್ಯತ್ಯಾಸವಿಲ್ಲ. ಆದರೆ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದ ಕೈ ಎದ್ದು ಹೋಗಿ ಚೀಲದ ಮೇಲೆ ಕೂರುತ್ತದೆ.

"ಅವರಿಗೇ ಗೊತ್ತಿರಲ್ಲ ಪಾಪ. ಸೊಳ್ಳೆ ಕಚ್ಚಿದ್ರೆ ಕೈ ಹೋಗಲ್ವಾ, ಹಂಗೆ."

ಯಾವ ಕಾಲದಲ್ಲೋ ಯಾರೋ ನಾಲ್ಕು ಜನ ಕದ್ದು ಸಿಕ್ಕಿಬಿದ್ದರಂತೆ. ಅಂದಿನಿಂದ ಆ ಸೀಮೆಯವರೆಲ್ಲ ಕೈಚಳಕದವರು. ಗಡಿ ದಾಟಿದರೆ ಸಾಕು, ಅವರಿಗಿಂತ ಮೊದಲೇ ಅವರ ಹೆಸರು ಬಂದು ಇಳಿದಿರುತ್ತದೆ. ತಪಾಸಣೆಯ ಸಾಲಿನಲ್ಲಿ ತಮ್ಮ ಕಡೆಯ ಪ್ರಯಾಣಿಕರನ್ನು ಸಾರಥಿ ದೂರದಿಂದಲೇ ಗುರುತಿಸುತ್ತಾರೆ. ಕೇಳುವ ಮೊದಲೇ ಚೀಲದ ಜಿಪ್ ತೆಗೆದು, ಅಗಲವಾಗಿ ಬಿಡಿಸಿ ಹಿಡಿದು ನಿಂತಿರುತ್ತಾರಂತೆ. ಅಡಿಗಡಿಗೆ ನಗುತ್ತಿರುತ್ತಾರಂತೆ, ನಗುವುದಕ್ಕೆ ಏನೂ ಇಲ್ಲದಿದ್ದರೂ.

"ಬೈದ್ರೆ ತಡ್ಕೋಬಹುದು. ಒಬ್ರು ದೊಡ್ಡ ಮನುಷ್ಯರು ಭುಜ ತಟ್ಟಿ, ನೀನು ಆ ಕಡೆಯೋನ ಥರ ಕಾಣಲ್ಲಪ್ಪ, ಒಳ್ಳೆಯೋನು ಅಂದ್ರು. ಥ್ಯಾಂಕ್ಸ್ ಹೇಳ್ದೆ ನಾನು. ಮನೆಗ್ ಹೋಗಿ ಊಟ ಸೇರ್ಲಿಲ್ಲ." ಮತ್ತೆ ಸೇರಿಸುತ್ತಾರೆ: "ಈಚಲ ಮರದ ಕೆಳಗೆ ಮಜ್ಜಿಗೆ ಕುಡೀಬಾರ್ದು ಅಂತಾರೆ. ಮರದ ಕೆಳಗೇ ಹುಟ್ಟಿದೋನು ಏನ್ ಕುಡೀಬೇಕು?"

ಹೀಗಾಗಿ ಅವರ ಕಡೆಯ ಕೆಲಸಗಾರರಲ್ಲಿ ಒಂದು ಪದ್ಧತಿ ಬೆಳೆದಿದೆ. ಪ್ರಯಾಣಿಕರ ಚೀಲ ಮುಟ್ಟುವುದಿಲ್ಲ. ಅದು ಅವರ ಮಡಿಲಲ್ಲೇ ಇರಬೇಕು. ಇಳಿಸಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು, "ಒಂದ್ಸಲ ಚೀಲ ನೋಡ್ಕೊಂಡ್ಬಿಡಿ" ಅನ್ನಬೇಕು. ನೋಡಿ, ತಲೆಯಾಡಿಸಿದ ಮೇಲೆಯೇ ಹೊರಡಬೇಕು. ನೆಲ ಒರೆಸುವ ಅಕ್ಕ ಬೇರೆ ದೇಶದವಳು, ಇವರ ಜೊತೆಗಿದ್ದೇ ಮಾತು ಗಾದೆ ಕಲಿತವಳು, ಇದನ್ನು ಕಂಡು ಆಡಿಕೊಳ್ಳುತ್ತಾಳೆ: "ಕುಂಬಳಕಾಯಿ ಕಳ್ಳ ಅಂತ ಯಾರೂ ಕೂಗೇ ಇಲ್ಲ, ನೀವಾಗ್ನೀವೇ ಹೆಗಲು ಮುಟ್ಟಿ ನೋಡ್ಕೋತೀರಲ್ಲೋ." ಸಾರಥಿ ಹೇಳುತ್ತಾರೆ, "ಅಕ್ಕಾ, ನೀನು ಕೂಗಿಲ್ಲ, ನಿನ್ಗೆ ಕೇಳಿಸಿಲ್ಲ, ಅಷ್ಟೇ."

ಹನ್ನೊಂದು ವರ್ಷದಲ್ಲಿ ಚೀಲ ನೋಡ್ಕೊಳ್ಳಿ ಎಂಬ ಆ ಮಾತು ಹೇಳದೆ ಬಿಟ್ಟದ್ದು ಒಮ್ಮೆ ಮಾತ್ರ.

ಆವತ್ತು ಕುರ್ಚಿಯಲ್ಲಿ ಕೂತದ್ದು ಅವರ ಸೀಮೆಯದೇ ಅಜ್ಜಿ. ಮಗನ ಮನೆಯಲ್ಲಿ ಆರು ತಿಂಗಳಿದ್ದು ಊರಿಗೆ ಹೊರಟವಳು. ಸಾರಥಿ ಒಂದು ಮಾತಾಡಿದ್ದೇ ತಡ, "ಅಯ್ಯೋ ನಮ್ಮೋನೇ ಕಣೋ ನೀನು" ಎಂದು ಹಿಂದಕ್ಕೆ ಕೈ ಚಾಚಿ ಅವರ ಕೈ ಹಿಡಿದುಕೊಂಡಳಂತೆ. ದಾರಿಯುದ್ದಕ್ಕೂ ಸೊಸೆಯ ದೂರು, ಮೊಮ್ಮಗನ ಹೊಗಳಿಕೆ. "ತೊಡೆ ನೋಯ್ತದೆ ಮಗಾ, ಈ ಚೀಲ ನಿನ್ ಹೆಗಲಿಗೆ ಹಾಕ್ಕೋ" ಎಂದಳು. ಹಾಕಿಕೊಂಡರು. ತಪಾಸಣೆ ಮುಗಿಸಿ, ವಿಮಾನದ ಬಾಗಿಲಲ್ಲಿ ಇಳಿಸಿ, ಚೀಲ ಕೈಗೆ ಕೊಟ್ಟರು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡರು.

"ಹೆಂಗ್ ಹೇಳ್ಲಿ? ನನ್ನ ತಾಯಿ ಥರ ಇದ್ರು. ಚೀಲ ನೋಡ್ಕೊಳ್ಳಿ ಅಂದ್ರೆ, ನನ್ನ ಮೇಲೆ ಅನುಮಾನ ಪಡಿ ಅಂದ ಹಾಗಲ್ವಾ? ನಮ್ಮೋರ ಹತ್ರಾನೂ ಹಂಗ್ ಅನ್ಬೇಕಾ ಅನ್ನಿಸ್ತು."

ವಿಮಾನ ಹೊರಡುವ ಮೊದಲೇ ಅಜ್ಜಿಯ ಬಳೆಯೊಂದು ಕಾಣಲಿಲ್ಲ. ಸಾರಥಿಯನ್ನು ಬಾಗಿಲಿಗೆ ಕರೆಸಿದರು. ಎಲ್ಲರೆದುರು ಜೇಬು ತಿರುವಿ ತೋರಿಸಿದ್ದನ್ನು ಅವರು ಹೇಳುವುದಿಲ್ಲ, ಅಕ್ಕ ಹೇಳುತ್ತಾಳೆ. ಅವರು ಹೇಳುವುದು ಅಜ್ಜಿಯ ಮಾತನ್ನು ಮಾತ್ರ: "ನಮ್ಮ ಕಡೆಯೋರ ಬುದ್ಧಿ ನನಗೆ ಗೊತ್ತಿಲ್ವಾ."

ಬಳೆ ಆ ಸಂಜೆಯೇ ಸಿಕ್ಕಿತು. ತಪಾಸಣೆಗೆಂದು ಅಜ್ಜಿಯೇ ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ, ತಟ್ಟೆಯಲ್ಲೇ ಬಿಟ್ಟು ಬಂದಿದ್ದಳು. ಅಷ್ಟರಲ್ಲಿ ಅವಳ ವಿಮಾನ ಸಮುದ್ರದ ಮೇಲಿತ್ತು. ಮೇಲ್ವಿಚಾರಕಿ ಕೆಟ್ಟವಳಲ್ಲ, ಸಾರಥಿಯನ್ನು ಕೂರಿಸಿಯೇ ಮಾತಾಡಿದಳು. "ನೀವು ತೆಗೆದಿಲ್ಲ ಅಂತ ನನಗೂ ಗೊತ್ತು. ಆದ್ರೆ ದಿನಾ ಎಲ್ರಿಗೂ ಹೇಳೋ ಮಾತು ಅವತ್ತೊಂದಿನ ಯಾಕೆ ಹೇಳ್ಲಿಲ್ಲ ಅಂತ ಮೇಲಿನವರು ಕೇಳ್ತಿದ್ದಾರೆ." ಉತ್ತರ ಇತ್ತು, ಹೇಳಿದರೆ ಅರ್ಥವಾಗುವಂಥದ್ದಲ್ಲ. ಸ್ವಲ್ಪ ದಿನ ಖಾಲಿ ಕುರ್ಚಿ ಒಟ್ಟುಮಾಡುತ್ತಿರಿ ಎಂದಳು. ಆ ಸ್ವಲ್ಪ ದಿನಕ್ಕೆ ಈಗ ಏಳು ತಿಂಗಳು.

ಬೆಳಗಿನ ಬಿಡುವಿನಲ್ಲಿ ಕೆಲಸಗಾರರ ಕೋಣೆ. ಟೀ ಯಂತ್ರ, ಅಂಟಂಟಾದ ಮೇಜು, ಕಾಲು ಅಲ್ಲಾಡುವ ಬೆಂಚು. ಸಾಮಾನು ಹೊರುವ ಕೆಲಸಕ್ಕೆ ಹೊಸದಾಗಿ ಸೇರಿದ, ತಲೆ ನರೆತ ಒಬ್ಬಾತ ಬಂದು ಸಾರಥಿಯ ಪಕ್ಕ ಕೂರುತ್ತಾನೆ. ಮಾತಿಗೆ ಮಾತು ಸೇರಿ ಊರು ಕೇಳಿದರೆ, ಅದೇ ಸೀಮೆ. "ಓ, ಹೌದಾ" ಎನ್ನುತ್ತಾರೆ ಸಾರಥಿ. ಎನ್ನುತ್ತಲೇ ಅವರ ಎಡಗೈ ಮೇಜಿನ ಮೇಲಿದ್ದ ಫೋನಿನ ಮೇಲೆ ಹೋಗಿ ಕೂರುತ್ತದೆ.

ಇಬ್ಬರೂ ಆ ಕೈಯನ್ನೇ ನೋಡುತ್ತಾರೆ.

"ಇರ್ಲಿ ಬಿಡಣ್ಣಾ" ಎನ್ನುತ್ತಾನೆ ಹೊಸಬ ಮೆಲ್ಲಗೆ. "ನೀನು ನಮ್ಮ ಕಡೆಯೋನು ಅಂತ ಮೊದಲೇ ಕೇಳಿದ್ದೆ, ನಾನೂ ನನ್ನ ಚೀಲ ಆ ಕಡೆ ಇಟ್ಕೊಂಡೇ ಕೂತೆ."

ನಗು ಬರಬೇಕಾಗಿತ್ತು, ಬರಲಿಲ್ಲ. ಟೀ ಆರುತ್ತದೆ. ಹೊಸಬ ಎದ್ದು ಹೋದ ಮೇಲೂ ಸಾರಥಿ ತಮ್ಮ ಎಡಗೈಯನ್ನು ಮಗುಚಿ ನೋಡುತ್ತ ಕೂತಿರುತ್ತಾರೆ, ಯಾರದೋ ಕೈ ತಮಗೆ ಅಂಟಿಸಿದ್ದಾರೇನೋ ಎಂಬಂತೆ.

ಮಗಳಿಗೆ ಏನು ಹೇಳುತ್ತೀರಿ ಎಂದರೆ ಎದ್ದು, ಖಾಲಿ ಕುರ್ಚಿಯ ಹಿಡಿ ಒರೆಸುತ್ತ ಹೇಳುತ್ತಾರೆ:

"ಏನ್ ಹೇಳಿದ್ರೂ ಒಂದೇ, ಹೇಳ್ದೆ ಇದ್ರೂ ಒಂದೇ. ಅವಳನ್ನ ಕರ್ಕೊಂಡ್ ಬರೋಕೆ ಇದೇ ನಿಲ್ದಾಣದ ಬಾಗಿಲಿಗೆ ಬರ್ತೀನಿ. ದಣಿದಿರ್ತಾಳೆ, ಕೊಡಮ್ಮಾ ನಾನು ಹಿಡ್ಕೋತೀನಿ ಅಂತ ಚೀಲಕ್ಕೆ ಕೈ ಹಾಕ್ತೀನಲ್ಲಾ, ಆವಾಗ ಅವಳು ತಿರುಗಿ ನೋಡ್ದೆ ಕೊಟ್ಬಿಟ್ರೆ ಸಾಕು. ಇನ್ನೇನೂ ಬೇಡ ನಂಗೆ."