ಅಹಲ್ಯಾ ಕನ್ನಡದಲ್ಲಿ ಹೇಳಿದ್ದು

ದಿಲ್ಲಿ ಕನ್ನಡಿಗರಿಗೆ ಒಂದು ಕೆಟ್ಟ ಚಾಳಿಯಿದೆ. ಬಸ್ಸಿನಲ್ಲಿ ಎದುರಿಗೆ ಕೂತವನ ಬೊಜ್ಜಿನಿಂದ ಹಿಡಿದು ತಮ್ಮ ಮನೆಯ ಜಗಳದವರೆಗೆ ಎಲ್ಲವನ್ನೂ ಗಟ್ಟಿಯಾಗಿ ಮಾತಾಡಿಬಿಡುತ್ತಾರೆ. ಇಲ್ಲಿ ಯಾರಿಗೆ ಅರ್ಥವಾಗುತ್ತದೆ ಎಂಬ ಧೈರ್ಯ! ಕಿದ್ವಾಯಿ ನಗರದ ಅಹಲ್ಯಾ ನಂಬಿ ಕೆಟ್ಟದ್ದೂ ಇದೇ ಧೈರ್ಯವನ್ನು. ಕೆಟ್ಟಳೋ, ಬದುಕಿದಳೋ, ಅದನ್ನು ನೀವೇ ಹೇಳಿ.

ಅವಳ ಗಂಡ ಚಿದಂಬರ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್. ಹೊರಗೆ ಅವನಷ್ಟು ನಯದ ಮನುಷ್ಯ ಇನ್ನೊಬ್ಬನಿಲ್ಲ. ಮನೆಯಲ್ಲಿ ಸಾರಿಗೆ ಒಂದು ಹರಳು ಉಪ್ಪು ಹೆಚ್ಚಾದರೂ ಕೈ ಎತ್ತುತ್ತಿದ್ದ. ಊರೆಲ್ಲ ಹೊಗಳುವವನ ಮೇಲೆ ದೂರು ಹೇಳಿದರೆ ನಂಬುವವರು ಯಾರು? ಒಮ್ಮೆ ಮಣಿಕಟ್ಟು ಮುರಿದಾಗ ಅಹಲ್ಯಾ ಡಾಕ್ಟರಿಗೆ ಬಚ್ಚಲಲ್ಲಿ ಜಾರಿದೆ ಎಂದಳು. ಅವರು ಹತ್ತು ದಿನಕ್ಕೆಂದು ಬರೆದುಕೊಟ್ಟ ನಿದ್ದೆ ಮಾತ್ರೆಯನ್ನು ಅವಳು ಮೂರು ವರ್ಷ ನುಂಗಿದಳು. ಮೊದಲು ಮಲಗುವಾಗ ಒಂದು, ಆಮೇಲೆ ಗಂಡನ ಸ್ಕೂಟರ್ ಬರುವ ಹೊತ್ತಿಗೆ ಇನ್ನೊಂದು, ಕಡೆಕಡೆಗೆ ದಿನಕ್ಕೆ ಏಳು. ಚೀಟಿ ಕೇಳದೆ ಮಾತ್ರೆ ಕೊಡುವ ಅಂಗಡಿ ಭಯ್ಯಾಗಳು ಅವಳಿಗೆ ಮೂರು ಬಡಾವಣೆಗಳಲ್ಲಿ ಗೊತ್ತಿದ್ದರು. ಒಂದು ಬೆಳಿಗ್ಗೆ ಹಾಲು ಕಾಯಿಸುತ್ತ ನಿಂತಲ್ಲೇ ಮಂಪರು ಕವಿದು ಸೆರಗಿಗೆ ಬೆಂಕಿ ಹತ್ತಿತು. ಹೇಗೋ ಆರಿಸಿಕೊಂಡಳು. ಅವತ್ತಿನಿಂದ ಅವಳಿಗೆ ಗಂಡನ ಜೊತೆಗೆ ತನ್ನ ಮೇಲೂ ಹೆದರಿಕೆ ಶುರುವಾಯಿತು.

ಜನಕಪುರಿಯ ಚರ್ಚೊಂದರ ಹಿಂದಿನ ದೊಡ್ಡ ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ಕುಡಿತ, ಮಾತ್ರೆ ಬಿಡಲು ಹೆಣಗುವವರು ಪ್ರಾರ್ಥನೆಗೆ ಸೇರುತ್ತಿದ್ದರು. ನಡೆಸುತ್ತಿದ್ದವರು ಕೇರಳದ ಸಿಸ್ಟರ್ ರೋಸಮ್ಮ. ಅಹಲ್ಯಾ ಬಾಗಿಲಲ್ಲೇ ನಿಂತು, ತಾನು ರಾಯರ ಭಕ್ತೆ, ಒಳಗೆ ಬರಬಹುದೇ ಎಂದು ಕೇಳಿದಾಗ, ಅವರನ್ನೂ ಕರೆದುಕೊಂಡೇ ಬನ್ನಿ ಎಂದು ಸಿಸ್ಟರ್ ಹಿಂದಿಯಲ್ಲಿ ಹೇಳಿ ನಕ್ಕರು. ಗಂಡನಿಗೆ ಅವಳು ಲಲಿತಾ ಸಹಸ್ರನಾಮಕ್ಕೆ ಹೋಗುತ್ತೇನೆಂದು ಸುಳ್ಳು ಹೇಳಿದ್ದಳು. ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯವೆಂದು ಸಿಸ್ಟರ್ ಡಾಕ್ಟರಿಗೆ ತೋರಿಸಿದರು. ಮಾತ್ರೆ ಏಳರಿಂದ ಮೂರಕ್ಕೆ ಇಳಿಯಿತು. ಅಲ್ಲಿಗೆ ನಿಂತುಬಿಟ್ಟಿತು.

ಅಲ್ಲಿನ ಪದ್ಧತಿ ಹೀಗೆ: ಪ್ರಾರ್ಥನೆಗೆ ಮೊದಲು ಒಬ್ಬೊಬ್ಬರೂ ಎದ್ದು ನಿಂತು ದೇವರಿಗೆ ನಿಜ ಹೇಳಬೇಕು. ಅಹಲ್ಯಾ ಪ್ರತಿ ವಾರವೂ ಹಿಂದಿಯಲ್ಲಿ, ನಿದ್ದೆ ಬರುವುದಿಲ್ಲ ಎಂದಷ್ಟೇ ಹೇಳಿ ಕೂರುತ್ತಿದ್ದಳು. ೨೦೦೮ರ ಜನವರಿಯ ಒಂದು ಶನಿವಾರ ಸಿಸ್ಟರ್‌ಗೆ ಸಾಕಾಯಿತು. ನಿಮ್ಮ ಭಾಷೆಯಲ್ಲೇ ಹೇಳಿ, ನಮಗೆ ತಿಳಿಯದಿದ್ದರೇನು, ದೇವರಿಗೆ ತಿಳಿಯುತ್ತದಲ್ಲ ಎಂದರು.

ಅಯ್ಯೋ, ಕಟ್ಟೆ ಒಡೆಯಿತು! ಮಣಿಕಟ್ಟು, ಗಂಡನ ಬೆಲ್ಟಿನ ಏಟು, ಸೆರಗಿನ ಬೆಂಕಿ, ಎಲ್ಲ ಕನ್ನಡದಲ್ಲಿ ಬಂತು. "ಅವತ್ತು ಮಣಿಕಟ್ಟು ಮುರಿದಾಗ ಆಫೀಸಿನ ಪ್ಯೂನು ಫೈಲು ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ದ, ರಾಯರೇ. ಕಣ್ಣಾರೆ ನೋಡಿದ. ಫೈಲು ಮೇಜಿನ ಮೇಲಿಟ್ಟು ತಲೆ ತಗ್ಗಿಸ್ಕೊಂಡು ಹೊರಟುಹೋದ. ಅವತ್ತೇ ನಾನು ಸತ್ತೆ."

ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಅಹಲ್ಯಾ ತಿರುಗಿ ನೋಡಿದಳು. ಎರಡು ವಾರದಿಂದ ಮಂಕಿ ಕ್ಯಾಪ್ ಹಾಕಿಕೊಂಡು, ಮುಖ ಕೆಳಗೆ ಹಾಕಿ ಕೂರುತ್ತಿದ್ದ ಹೊಸ ಕುಡುಕ ಕ್ಯಾಪು ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದ. ಗುಂಡಣ್ಣ. ಚಿದಂಬರನ ಆಫೀಸಿನ ಅದೇ ಪ್ಯೂನು, ತುಮಕೂರಿನವನು.

ಅಹಲ್ಯಾ ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಓಡಿದಳು.

ಮುಂದಿನ ಆರು ದಿನ ಅವಳು ಬದುಕಿದ್ದಳು ಎನ್ನುವುದು ಬರೀ ಮಾತಿಗೆ. ಇವತ್ತು ಹೇಳಿರುತ್ತಾನೆ, ಇವತ್ತು ಖಂಡಿತ ಹೇಳಿರುತ್ತಾನೆ. ಕೆಳಗೆ ಸ್ಕೂಟರ್ ನಿಂತರೆ ಓಡಿಹೋಗಿ ಒಲೆಯ ಮುಂದೆ ನಿಲ್ಲುತ್ತಿದ್ದಳು. ಗುರುವಾರ ಸಂಜೆ ಚಿದಂಬರ ಬೂಟು ಬಿಚ್ಚುತ್ತ ಕೇಳಿದ:

"ಗುಂಡಣ್ಣ ಇವತ್ತು ನಿನ್ನ ವಿಚಾರಿಸಿದ. ಅಮ್ಮಾವ್ರು ಚೆನ್ನಾಗಿದಾರಾ ಅಂತ. ಅವನಿಗ್ಯಾಕೆ ನಿನ್ನ ಚಿಂತೆ?"

"ನನಗೇನ್ರೀ ಗೊತ್ತು? ಫೈಲು ತರ್ತಿದ್ನಲ್ಲ, ಅದಕ್ಕೇ ಕೇಳಿರಬೇಕು."

ಅವನು ಬೂಟು ಕೈಯಲ್ಲಿ ಹಿಡಿದುಕೊಂಡೇ ಅವಳನ್ನು ನೋಡಿದ. ಆಮೇಲೆ ಟೀವಿ ಹಾಕಿದ. ಅಹಲ್ಯಾ ಅಡುಗೆಮನೆಗೆ ಹೋಗಿ ಮಾತ್ರೆಯ ಪಟ್ಟಿ ಕೈಗೆತ್ತಿಕೊಂಡಳು. ಅವತ್ತಿನ ಮೂರು ಆಗಲೇ ಮುಗಿದಿತ್ತು. ನಾಲ್ಕನೆಯದನ್ನು ಅಂಗೈಯಲ್ಲಿಟ್ಟುಕೊಂಡು "ರಾಯರೇ, ರಾಯರೇ" ಎನ್ನುತ್ತ, ಅದು ಬೆವರಿಗೆ ಕರಗಿ ಅಂಟಾಗುವವರೆಗೆ ನಿಂತಳು. ನುಂಗಲಿಲ್ಲ.

ಶನಿವಾರ ಅವಳು ಪ್ರಾರ್ಥನೆಗೆ ಹೋದದ್ದು ಭಕ್ತಿಯಿಂದಲ್ಲ. ಆ ಮನುಷ್ಯನ ಕೈಕಾಲು ಹಿಡಿದು ಬಾಯಿ ಮುಚ್ಚಿಸಲು ಹೋದಳು. ಆದರೆ ಗೇಟಿನಲ್ಲಿ ಕಾದಿದ್ದ ಗುಂಡಣ್ಣ ತಾನೇ ಮೊದಲು ಕೈಮುಗಿದ.

"ಯಾರಿಗೂ ಹೇಳಿಲ್ಲ ಅಮ್ಮಾ, ನನ್ನ ತಾಯಾಣೆ. ಅವತ್ತು ಬಾಗಿಲಿಂದ ತಲೆ ತಗ್ಗಿಸ್ಕೊಂಡು ಹೋದೋನು ಸೀದಾ ಸಾರಾಯಿ ಠೇಕಾಗೆ ಹೋದೆ. ಮೊದ್ಲು ಹಬ್ಬಕ್ಕೊಂದ್ಸಲ ಕುಡೀತಿದ್ದೆ. ಅವತ್ತಿಂದ ದಿನಾ."

ಅಹಲ್ಯಾಗೆ ಸಿಟ್ಟು ನೆತ್ತಿಗೇರಿತು. ಏಟು ತಿಂದವಳು ತಾನು, ದುಃಖಕ್ಕೆ ಕುಡಿದವನು ಇವನಂತೆ! ಬೈಯಬೇಕೆಂದು ಬಾಯಿ ತೆರೆದಳು. ಆದರೆ ಅವನ ಕೈ ತನ್ನ ಕೈಯಂತೆಯೇ ನಡುಗುತ್ತಿರುವುದು ಕಂಡಿತು. ಮಾತ್ರೆ ಕಡಿಮೆಯಾದಾಗ ಬರುವ ಅದೇ ನಡುಕ. ಬೈಯಲಿಲ್ಲ.

ಹೆಂಗಸರ ರಕ್ಷಣೆಗೆ ಹೊಸ ಕಾನೂನು ಬಂದಿದೆ, ಕಂಡವರು ಒಬ್ಬರಿದ್ದರೆ ದೂರಿಗೆ ಬಲ ಬರುತ್ತದೆ ಎಂದು, ಅವಳ ಕೈಮೇಲಿನ ಬಾಸುಂಡೆ ಕಂಡಿದ್ದ ಸಿಸ್ಟರ್ ಎಷ್ಟೋ ಸಲ ಹೇಳಿದ್ದರು. ಅಹಲ್ಯಾ ಪ್ರತಿ ಸಲವೂ ಯಾರೂ ಕಂಡಿಲ್ಲ ಎಂದಿದ್ದಳು.

"ಗುಂಡಣ್ಣ, ಕಂಡಿದ್ದನ್ನ ಅಧಿಕಾರಿಗಳ ಮುಂದೆ ಹೇಳ್ತೀರಾ?"

ಅವನು ಎರಡು ಹೆಜ್ಜೆ ಹಿಂದೆ ಸರಿದ. "ಅಮ್ಮಾ, ಸಾಹೇಬ್ರು ನನ್ನ ನೌಕರಿ ತೆಗೆಸ್ತಾರೆ. ನಂಗೆ ಹೆದರಿಕೆ ಅಮ್ಮಾ."

"ಹೆದರ್ಕೊಂಡೇ ಹೇಳಿ," ಎಂದಳು ಅಹಲ್ಯಾ. "ನಾನೂ ಹೆದರ್ಕೊಂಡೇ ದೂರು ಕೊಡ್ತೀನಿ."

ಗುಂಡಣ್ಣ ಮಂಕಿ ಕ್ಯಾಪು ತೆಗೆದು ಜೇಬಿಗೆ ತುರುಕಿದ. ಆಮೇಲೆ ತಲೆ ಎತ್ತಿ, "ಚಲೋ ಅಮ್ಮಾ, ಹೇಳ್ತೀನಿ," ಎಂದ.