ಆರಿದ್ದು ನೆಲವಲ್ಲ

ಹೊಸ ತಂದೂರಿಗೆ ಮೊದಲ ಸಲ ಬೆಂಕಿ ಹಾಕಿದಾಗ ಒಂದು ವಾಸನೆ ಬರುತ್ತದೆ. ಹಸಿ ಜೇಡಿಮಣ್ಣು ಬಿಸಿಯಾಗಿ ನೀರು ಬಿಡುವ ವಾಸನೆ. ಮೊನ್ನೆ ಸ್ವಾರಗೇಟ್ ಬಸ್ ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಇನ್ನೂ ಹೊತ್ತಿದೆ ಅಂತ ಎದುರಿನ ಹೋಟೆಲಿನಲ್ಲಿ ಚಹಾ ಹೇಳಿ ಕೂತಿದ್ದೆ. ಒಳಗಿನಿಂದ ಆ ವಾಸನೆ ಬಂದದ್ದೇ ತಡ, ಮಣ್ಣಿನ ಮಾಸ್ತರು ನೆನಪಾದರು. ಅವರ ಬೆನ್ನಿಗೇ ಸಿಟ್ಟೂ ಬಂತು. ನನಗೆ ಅವೆರಡು ಯಾವತ್ತೂ ಜೋಡಿಯಾಗಿಯೇ ಬರುತ್ತವೆ.

ಮಣ್ಣಿನ ಮಾಸ್ತರು ಅಂದರೆ ಇಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಮಗೆ ಮಣ್ಣಿನ ಪಾಠ ಹೇಳಿದವರು. ಧಾರವಾಡದ ಕಡೆಯವರು. ಕ್ಲಾಸಿನಲ್ಲಿ ಇಂಗ್ಲಿಷು, ಹೊರಗೆ ಮರಾಠಿ, ನನ್ನಂಥ ನಮ್ಮ ಕಡೆಯವರು ಸಿಕ್ಕರೆ ಬಾಯಿ ತುಂಬ ಕನ್ನಡ. ಸಿಟ್ಟು ಮಾತ್ರ ಯಾವ ಭಾಷೆಯಲ್ಲೂ ಬರುತ್ತಿರಲಿಲ್ಲ. ಅವರ ಪಾಲಿನದನ್ನೂ ನಾನೇ ಮಾಡಿಕೊಳ್ಳಬೇಕಾಯಿತು.

ಮೆತ್ತನೆಯ ಜೇಡಿ ನೆಲವನ್ನು ಬಿಸಿ ಮಾಡಿ ಗಟ್ಟಿ ಮಾಡುವುದು ಅವರ ಹುಚ್ಚು. “ಶ್ರೀಖಂಡಕ್ಕ ಮೊಸರು ಕಟ್ಟಿ ತೂಗ ಹಾಕ್ತಾರಲ್ಲ, ಹಂಗ ಇದು. ಜೇಡಿ ಬಿಗಿಹಿಡದು ಕೂತಿರ್ತದ, ನೀರು ಬಿಡೂದಿಲ್ಲ. ಕಾಸಿದ್ರ ನೀರು ತೆಳ್ಳಗಾಗಿ ಲಗೂ ಇಳೀತದ,” ಅನ್ನುತ್ತಿದ್ದರು. ನೆಲದೊಳಗೆ ದೀಪದ ಬತ್ತಿಯ ಹಾಗೆ ಉದ್ದುದ್ದ ಪಟ್ಟಿಗಳನ್ನು ಇಳಿಸಿ, ಪಕ್ಕದಲ್ಲೇ ಪೈಪುಗಳಲ್ಲಿ ಬಾಯ್ಲರಿನ ಬಿಸಿನೀರು ಓಡಿಸಿ, ಮೇಲೆ ಮಣ್ಣಿನ ಗುಡ್ಡೆ ಹೇರುತ್ತಿದ್ದರು. ಒಳಗಿನ ನೀರು ಪಟ್ಟಿ ಹಿಡಿದು ಮೇಲೆ ಬರುತ್ತಿತ್ತು, ನೆಲ ಕುಸಿದು ಬಿಗಿಯಾಗುತ್ತಿತ್ತು. ಕುಸಿಯುವುದೆಲ್ಲ ಕಟ್ಟಡಕ್ಕಿಂತ ಮೊದಲೇ ಕುಸಿದುಬಿಡಲಿ ಅನ್ನುವುದು ಲೆಕ್ಕಾಚಾರ. ನಡುವೆ ಒಲೆ ನಿಂತರೆ ಅನ್ನ ಅರೆಬೆಂದಂತೆಯೇ.

ಕಾಲೇಜಿನಲ್ಲಿ ಜೇಡಿ ತುಂಬಿಟ್ಟ ಪ್ರಯೋಗದ ತೊಟ್ಟಿಯಲ್ಲಿ ಅದು ಸರಿಯಾಗಿ ನಡೆದಿತ್ತು. ನಿಜವಾದ ನೆಲ ಸಿಕ್ಕಿದ್ದು ಒಂದೇ ಸಲ. ರಾಂಜಣಗಾಂವದ ದಾರಿಯಲ್ಲಿ, ಹೂಳು ತುಂಬಿದ ಹಳೇ ಕೆರೆಯ ಜಾಗದಲ್ಲಿ ಕರಾವಳಿ ಕನ್ನಡದ ಹೋಟೆಲ್ ಮಾಲೀಕರೊಬ್ಬರು ಮದುವೆ ಹಾಲ್ ಕಟ್ಟಲು ಹೊರಟಿದ್ದರು. ಮಾಸ್ತರು ಆ ಕೆಲಸ ಒಪ್ಪಿಕೊಂಡು ನನ್ನನ್ನೂ ಜೊತೆಗೆ ಕರೆದರು. ಓದು ಮುಗಿಸಿ ನಾನಾಗ ಪಿಂಪ್ರಿಯಲ್ಲಿ ಕೆಲಸದಲ್ಲಿದ್ದೆ. ಬಿಟ್ಟು ಬಂದೆ. ಇದೊಂದು ನೆಲ ಗಟ್ಟಿಯಾದರೆ ಅವರ ಹುಚ್ಚು ಹುಚ್ಚಲ್ಲ ಅಂತ ಜನ ನಂಬುತ್ತಿದ್ದರು... ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಮಾಲೀಕರಿಗೆ ಬೇಕಾಗಿದ್ದದ್ದು ಮುಹೂರ್ತ. ಹೊಸ ಹಾಲಿನಲ್ಲಿ ಮೊದಲ ಮದುವೆ ಅವರ ಮಗಳದೇ ಆಗಬೇಕಿತ್ತು. ಒಂದು ಬೆಳಿಗ್ಗೆ ನಾವು ಹೋದಾಗ ಬಾಯ್ಲರಿನ ಡೀಸೆಲ್ಲನ್ನು ಅವರ ಜನ ಬೇರೆ ಕೆಲಸಕ್ಕೆ ಒಯ್ದಿದ್ದರು. ಪಟ್ಟಿಗಳಿಂದ ನೀರು ಇನ್ನೂ ಜಿನುಗುತ್ತಲೇ ಇತ್ತು. ಮಾಸ್ತರು ತಣ್ಣಗಾದ ಪೈಪಿನ ಮೇಲೆ ಕೈಯಿಟ್ಟುಕೊಂಡೇ ಮಾಲೀಕರಿಗೆ ಫೋನ್ ಮಾಡಿದರು.

“ಪೂರಾ ಆರೇದ್ರಿ. ಲಗೂ ಏನರ ಮಾಡ್ರಿ.”

ಮಾಲೀಕರು ಲಗೂ ಮಾಡಿದರು! ಡೀಸೆಲ್ ಬಂದ ಮೇಲೆ ಹೇಳಿ ಕಳಿಸುತ್ತೇನೆ ಅಂದವರು ಗುಡ್ಡೆ ತೆಗೆಸಿ, ಪಟ್ಟಿಗಳ ತಲೆಯ ಮೇಲೆಯೇ ಕಾಂಕ್ರೀಟು ಸುರಿಸಿಬಿಟ್ಟಿದ್ದರು. ಗೊತ್ತಾಗಿ ನಾವು ಓಡಿಹೋಗಿ ಕೂಗಾಡಿದ್ದು, ಅಂದರೆ ನಾನು ಕೂಗಾಡಿದ್ದು, ಯಾರ ಕಿವಿಗೂ ಬೀಳಲಿಲ್ಲ. ಮದುವೆಯೇನೋ ಆಯಿತು. ಆಮೇಲೆ ಹಾಲಿನ ಒಂದು ಮಗ್ಗುಲು ಕೂತಿತು, ಗೋಡೆ ಬಿರಿಯಿತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ನಿಜಕ್ಕೂ ಡೊಂಕಾಗಿತ್ತು, ಡೊಂಕು ಮಾಡಿದವರೇ ಪಂಚಾಯ್ತಿ ಕರೆದಿದ್ದರು. ಕಾಲೇಜಿನ ದೊಡ್ಡವರೂ ಬಂದಿದ್ದರು.

“ಆರಿದೆ ಅಂತ ಹೇಳಿದ್ದು ನೀವೇ ಅಲ್ವಾ ಮಾರಾಯ್ರೆ? ನೆಲ ಆರಿದೆ ಅಂತ ನಾನು ತಿಳ್ಕೊಂಡೆ,” ಅಂದರು ಮಾಲೀಕರು.

ಸಾಂಬಾರು ಆರಿದೆ, ಬಿಸಿ ಮಾಡು ಅಂತ ಜೀವಮಾನವೆಲ್ಲ ಅಡಿಗೆಮನೆಯಲ್ಲಿ ಕೂಗಿದ ಮನುಷ್ಯ! ಅವರಿಗೆ ಆ ಮಾತು ತಿಳಿಯಲಿಲ್ಲವಂತೆ. ಮಾಸ್ತರು ಬಾಯಿಬಿಡಲಿ ಅಂತ ನಾನು ಅವರ ಮುಖವನ್ನೇ ನೋಡುತ್ತಿದ್ದೆ.

“ಹೌದ್ರಿ, ಅಂದೀನಿ,” ಅಂದರು ಮಾಸ್ತರು.

ಅದು ಬಾಯ್ಲರಿನ ಮಾತು ಅಂತ ನಾನು ಎದ್ದು ಕಿರುಚಿದೆ. ಯಾರೂ ನನ್ನ ಕಡೆ ತಿರುಗಲಿಲ್ಲ. ಹೊರಗೆ ಬಂದ ಮೇಲೆ, ಇಷ್ಟು ಒಳ್ಳೆಯವರಾಗಲು ನಿಮಗೇನು ಧಾಡಿ ಅಂತ ಅವರ ಮೇಲೂ ಹರಿಹಾಯ್ದೆ. “ಅಂದದ್ದು ಖರೇ ಅದವ್ವಾ. ಅಂದಿಲ್ಲಂತ ಹ್ಯಾಂಗ ಹೇಳ್ಲಿ?” ಅಂದರು. ಅದಕ್ಕೆ ನಾನು ಅವರನ್ನು ಇವತ್ತಿಗೂ ಕ್ಷಮಿಸಿಲ್ಲ. ಆ ಮಾಲೀಕರನ್ನಂತೂ ಕ್ಷಮಿಸುವ ಮಾತೇ ಇಲ್ಲ.

ನೆಲ ಬೇಯಿಸಿ ಕೆಡಿಸಿದ ಮಾಸ್ತರು ಅಂತ ಹೆಸರಾಯಿತು. ಕಾಲೇಜಿನವರು ತೊಟ್ಟಿಯನ್ನು ಗುಜರಿಗೆ ಹಾಕಿದರು. ಇನ್ನೊಂದು ನೆಲ ಅವರಿಗೆ ಸಿಗಲೇ ಇಲ್ಲ. ಹೋದ ಚಳಿಗಾಲದಲ್ಲಿ ತೀರಿಕೊಂಡರು... ಮಣ್ಣು ಕೊಡಲು ಹೋದಾಗ ಒಂದು ಹಿಡಿ ಎತ್ತಿಕೊಂಡು, ಎಷ್ಟು ಹಸಿಯಿದೆ ಅಂತ ನನಗರಿಯದೇ ಹಿಚುಕಿ ನೋಡಿದ್ದೆ. ಅವರೇ ಕಲಿಸಿದ ಚಟ.

“ಅಕ್ಕಾರ, ಆರೇದ್ರಿ. ಬ್ಯಾರೆ ತರ್ಲೇನು?”

ಬೆಚ್ಚಿಬಿದ್ದೆ. ಚಹಾ ತಂದುಕೊಟ್ಟಿದ್ದ ಸಪ್ಲಯರ್ ಮುಂದೆ ನಿಂತಿದ್ದ, ನಮ್ಮ ಕಡೆಯವನೇ.

“ಏನು ಆರೇದ?” ಅಂದೆ. ದನಿ ಜೋರಾಯಿತು ಅಂತ ಕಾಣುತ್ತದೆ, ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು.

ಅವನು ಕಪ್ಪನ್ನೂ ನನ್ನನ್ನೂ ಒಂದು ಸಲ ನೋಡಿದ.

“ಚಹಾ ರೀ ಅಕ್ಕಾರ,” ಅಂದ. “ಮತ್ತೇನು ಆರ್ತದ?”