ಚಾಂದನಿಯ ಹಗ್ಗ ಹಿಡಿದು ಇಳಕಲ್ಲಿಗೆ

ಬಾಗಲಕೋಟೆಯ ನವನಗರದಲ್ಲಿ ಬಾದಾಮಿಯ ಮೊದಲ ಬಸ್ಸು ಹತ್ತಿದಾಗ ಚಳಿ ಇನ್ನೂ ಬಿಟ್ಟಿರಲಿಲ್ಲ. ಆಧಾರ್ ಕಾರ್ಡು ತೋರಿಸಿದೆ, ಕಂಡಕ್ಟರ್ ಸೊನ್ನೆಯ ಟಿಕೆಟು ಕೊಟ್ಟ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ನಾನು ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೇನೆ ಎಂದು ನಮ್ಮವರು ಚೇಷ್ಟೆ ಮಾಡುತ್ತಾರೆ. ಔಷಧ ಅಂಗಡಿಯ ಕೌಂಟರಿನ ಹಿಂದೆ ನಿಂತೇ ಅರ್ಧ ಆಯುಷ್ಯ ಕಳೆದವಳು ಸ್ವಲ್ಪ ಓಡಾಡಿದರೆ ಯಾರ ಗಂಟು ಹೋಯಿತು? ಆದರೆ ಈ ಸಲ ಬಸ್ಸಿನ ಪ್ರಯಾಣ ಬಾದಾಮಿಗೇ ಮುಗಿಯುತ್ತಿತ್ತು. ಅಲ್ಲಿಂದ ಇಳಕಲ್ಲಿಗೆ, ಎಪ್ಪತ್ತು ಕಿಲೋಮೀಟರಿನ ಮೇಲೆ, ಟಾಂಗಾದಲ್ಲಿ ಹೋಗುವುದಿತ್ತು. ಎರಡು ಚಿಲ್ಲರೆ ತಾಸಿನ ದಾರಿಗೆ ಎರಡು ದಿನ. ಕೇಳಿದವರೆಲ್ಲ ನನಗೆ ತಲೆ ಕೆಟ್ಟಿದೆ ಎಂದರು.

ಇದಕ್ಕೆಲ್ಲ ಕಾರಣ ಬಾದಾಮಿಯಲ್ಲಿರುವ ನನ್ನ ತಮ್ಮನ ಮಗಳು ನೀಲಾ, ಹತ್ತೊಂಬತ್ತರ ಹುಡುಗಿ. ಹೋದ ವರ್ಷ ಅವಳು ಕೂತಿದ್ದ ಆಟೋಕ್ಕೆ ಲಾರಿ ಬಡಿಯಿತು. ಕಾಲಿನ ಎಲುಬು ಕೂಡಿಕೊಂಡಿತು, ಅಂಜಿಕೆ ಹೋಗಲಿಲ್ಲ. ಎಂಜಿನ್ನಿನ ಸದ್ದು ಹತ್ತಿರ ಬಂದರೆ ಸಾಕು, ಕೈ ತಣ್ಣಗಾಗಿ ಉಸಿರು ಕಟ್ಟುತ್ತಿತ್ತು. ಬಾಗಲಕೋಟೆಯಲ್ಲಿ ಸಿಕ್ಕಿದ್ದ ನರ್ಸಿಂಗ್ ಸೀಟು ಹಾಗೇ ಕೈತಪ್ಪಿತು. ಈ ವರ್ಷ ಮತ್ತೆ ಸಿಕ್ಕಿತ್ತು, ಮುಂದಿನ ವಾರ ಕಾಲೇಜು ಶುರು. ಡಾಕ್ಟರರ ಔಷಧವೂ ಮಾತುಕತೆಯೂ ನಡೆದೇ ಇದ್ದವು. ನನ್ನ ತಮ್ಮ ಒಂದು ದಿನ ಕಾರಿನ ಬಾಗಿಲು ತೆರೆದು ಮುಂಜಾನೆಯೆಲ್ಲ ಕಾದ. ನಾನು ಬೈದು ನೋಡಿದೆ, ಮುದ್ದು ಮಾಡಿ ನೋಡಿದೆ. ಅವಳು ಅಂಗಳ ದಾಟಲಿಲ್ಲ. ಬಾದಾಮಿಯಿಂದ ಬಾಗಲಕೋಟೆಗೆ ದಿನಾ ನಡೆದು ಹೋಗಿ ನರ್ಸ್ ಆಗಲು ಬರುವುದಿಲ್ಲವಲ್ಲ.

ಕುದುರೆಗಳ ದಾರಿ ತೋರಿಸಿದವರು ಡಾಕ್ಟರರೇ. ಬಾದಾಮಿಯ ದಿಲ್‌ಶಾದ್ ಎಂಬ ಹೆಣ್ಣುಮಗಳು ಶಾಲೆಯೊಂದರಲ್ಲಿ ಆಟದ ಟೀಚರು. ಅವರ ಅಜ್ಜ, ಅಪ್ಪ ಇಬ್ಬರೂ ರೈಲು ಸ್ಟೇಷನ್ನಿಗೂ ಊರಿಗೂ ಟಾಂಗಾ ಓಡಿಸಿದವರು. ಆಟೋಗಳು ಬಂದ ಮೇಲೂ ಅವರು ಎರಡು ಕುದುರೆ ಉಳಿಸಿಕೊಂಡಿದ್ದಾರೆ: ಟಾಂಗಾ ಎಳೆಯುವ ಮುದಿ ಬೇಗಂ, ಮದುವೆಯ ಮೆರವಣಿಗೆಗೆ ತಯಾರಾಗುತ್ತಿದ್ದ ಬಿಳಿಯ ಚಾಂದನಿ. ಮುಂಜಾನೆ ಶಾಲೆಗೆ ಮುಂಚೆ ನಾಲ್ಕಾರು ಹುಡುಗ ಹುಡುಗಿಯರು ಅವರ ಲಾಯಕ್ಕೆ ಬರುತ್ತಾರೆ. ಪರೀಕ್ಷೆ ಫೇಲಾಗಿ ಮನೆ ಹಿಡಿದವರು, ಯಾರ ಜೊತೆಗೂ ಬೆರೆಯಲು ಒಲ್ಲದವರು, ಯಾರ ಮಾತೂ ಕೇಳದವರು. ನೀಲಾ ಏಳು ತಿಂಗಳಿನಿಂದ ಅವರಲ್ಲೊಬ್ಬಳು.

ನಾನು ಲಾಯಕ್ಕೆ ಹೋದಾಗ ಅವಳು ಚಾಂದನಿಯ ಮೈ ಉಜ್ಜುತ್ತಿದ್ದಳು. ಹುರುಳಿ ಬೇಯಿಸಿದ ವಾಸನೆ, ಲದ್ದಿಯ ವಾಸನೆ. ನಾನು ಮೂಗಿಗೆ ಸೆರಗು ಹಿಡಿದು ದಿಲ್‌ಶಾದರನ್ನು ಕೇಳಿದೆ, "ಈ ಹುಡುಗೂರಿಗೆ ಕುದರಿ ಏನ್ ಕೊಡತೈತ್ರಿ?"

"ಲದ್ದಿ ಕೊಡತೈತ್ರಿ ಅಕ್ಕಾರ," ಎಂದು ಅವರು ನಕ್ಕರು. "ಮತ್ತ ಮುಂಜಾನಿ ಹುರಳಿ ಹಾಕಾಕ ಯಾರೂ ಬರ್ಲಿಲ್ಲಂದ್ರ ಕಾಲು ಕೆರಿತೈತಿ. ತಮ್ಮ ಹಾದಿ ಯಾರೋ ಕಾಯಾಕತ್ತಾರ ಅಂತ ಗೊತ್ತಾದ್ರ ಮನಶ್ಯಾರು ಹಾಸಿಗಿ ಬಿಟ್ಟು ಏಳ್ತಾರ್ರಿ. ನೀಲಾ ಮೊದಲ ವಾರ ಬರೇ ಕಸ ಹೊಡದು ಹೋದ್ಲು. ಇದು ಆಕಿನ್ನ ಏನೂ ಕೇಳ್ಲಿಲ್ಲ. ಅದಕ್ಕ ಮತ್ತ ಬಂದ್ಲು."

ಮದುವೆಯ ಕುದುರೆಗೆ ಬ್ಯಾಂಡು ಪಟಾಕಿ ರೂಢಿ ಮಾಡಿಸಲು ಅವರ ಮನೆತನದಲ್ಲಿ ಒಂದು ಕ್ರಮವಿದೆ. ಒಬ್ಬರು ಹಗ್ಗ ಹಿಡಿದು ಕುದುರೆಯ ತಲೆಯ ಬಳಿ ನಿಲ್ಲುತ್ತಾರೆ, ಇನ್ನೊಬ್ಬರು ದೂರದಲ್ಲಿ ಎಣ್ಣೆಯ ಖಾಲಿ ಡಬ್ಬಿ ಬಾರಿಸುತ್ತಾರೆ. ದಿನ ಕಳೆದಂತೆ ಡಬ್ಬಿ ಹತ್ತಿರ ಬರುತ್ತದೆ. ಹಗ್ಗ ಹಿಡಿದ ಕೈ ನಡುಗಿದರೆ ಅದು ಕುದುರೆಗೆ ತಿಳಿದುಬಿಡುತ್ತದೆ. ಅದಕ್ಕೇ ಮೊದಲು ಆ ಕೈ ಗಟ್ಟಿಯಾಗಬೇಕು. ಮೊದಮೊದಲು ನೀಲಾ ಹೆಚ್ಚು ಬೆದರಿದಳೋ ಚಾಂದನಿ ಹೆಚ್ಚು ಬೆದರಿತೋ ಹೇಳಲು ಬರುತ್ತಿರಲಿಲ್ಲವಂತೆ. ಡಬ್ಬಿಯ ದಿನಗಳಲ್ಲಿ ಹಗ್ಗ ಹಿಡಿದವರೇ ಆ ಕುದುರೆಯ ಮೊದಲ ಮೆರವಣಿಗೆಯಲ್ಲೂ ಹಿಡಿಯಬೇಕು ಎಂಬುದು ಅಲ್ಲಿಯ ನಿಯಮ. ಚಾಂದನಿಯ ಮೊದಲ ಮೆರವಣಿಗೆ ಇಳಕಲ್ಲಿನಲ್ಲಿ ನಿಗದಿಯಾಯಿತು. ನೀಲಾ ಎಂಜಿನ್ ಇರುವುದನ್ನು ಹತ್ತಲಾರಳು, ಹೀಗಾಗಿ ಟಾಂಗಾ. ಜೊತೆಗೆ ಹಿರಿಯರೆಂದು ನಾನು. ಬರುವಾಗ ಹೇಗಾದರೂ ಮಾಡಿ ಅವಳನ್ನು ಇಳಕಲ್ಲಿನಲ್ಲಿ ಬಸ್ಸು ಹತ್ತಿಸಬೇಕೆಂದು ನಾನು ಒಳಗೊಳಗೇ ಹಂಚಿಕೆ ಹಾಕಿದ್ದೆ.

ದಿಲ್‌ಶಾದ್ ಮುಂದೆ ಕೂತು ಬೇಗಂ ಓಡಿಸಿದರು. ನೀಲಾ ಹಿಂದಿನ ಸೀಟಿನಲ್ಲಿ ರಸ್ತೆಗೆ ಮುಖ ಮಾಡಿ ಚಾಂದನಿಯ ಹಗ್ಗ ಹಿಡಿದು ಕೂತಳು. ಕುದುರೆ ಕಂಡರೆ ಕಾಲು ನೋವು ಎನ್ನುತ್ತಾರೆ. ನನಗೆ ಟಾಂಗಾದಲ್ಲಿ ಕೂತ ಮೇಲೆ ಸೊಂಟದ ನೋವು ಶುರುವಾಯಿತು. ಆದರೂ ಆ ನಡಿಗೆಯಲ್ಲಿ ಏನೆಲ್ಲ ಕಾಣುತ್ತದೆ! ಬಸ್ಸಿನಲ್ಲಿ ನೂರು ಸಲ ಓಡಾಡಿದ ದಾರಿಯಲ್ಲಿ ಹಳದಿ ಹೂವಿನ ಸೂರ್ಯಪಾನದ ಹೊಲಗಳು ಇಷ್ಟಿವೆ ಎಂದು ನನಗೆ ಗೊತ್ತೇ ಇರಲಿಲ್ಲ. ಪಟ್ಟದಕಲ್ಲಿನಲ್ಲಿ ಬುತ್ತಿ ಬಿಚ್ಚಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಪ್ರವಾಸಿಗಳು ಗುಡಿ ಬಿಟ್ಟು ಚಾಂದನಿಯ ಫೋಟೊ ತೆಗೆದರು.

ಐಹೊಳೆಗೆ ಮುಂಚೆ ಮಲಪ್ರಭೆಯ ಸೇತುವೆ ಬಂತು. ಬೇಗಂ ಸರಾಗವಾಗಿ ಅದರ ಮೇಲೆ ಕಾಲಿಟ್ಟಿತು. ಚಾಂದನಿ ಸೇತುವೆಯ ತುದಿಯಲ್ಲೇ ಕಾಲೂರಿ ನಿಂತಿತು. ಕೆಳಗೆ ನೀರು ಮಿಂಚುತ್ತಿತ್ತು, ಅದಕ್ಕೆ ಅಂಜಿಕೆ. ಟಾಂಗಾ ನಿಲ್ಲಿಸಿದರು. ನೀಲಾ ಇಳಿದು ಹಗ್ಗ ಜಗ್ಗಿದಳು. ಕುದುರೆ ಹಿಂದಕ್ಕೆ ಜಗ್ಗಿತು. ನಾನು "ಜೋರಿಂದ ಎಳಿಯೇ ಹುಡುಗಿ" ಎಂದು ಕೂಗಿದೆ. ಹೊತ್ತು ಮುಳುಗುವುದರೊಳಗೆ ಊರು ಸೇರಬೇಕಿತ್ತಲ್ಲ.

"ಎಳಿಬ್ಯಾಡ ನೀಲಾ," ದಿಲ್‌ಶಾದ್ ಕೂತಲ್ಲಿಂದಲೇ ಹೇಳಿದರು. "ನೀ ಮುಂದ ಹೋಗಿ ನಿಂದ್ರು. ಹಗ್ಗ ಸಡಲ ಬಿಡು. ಅಲ್ಲಿ ನಿಂತ್ರ ಏನೂ ಆಗೂದಿಲ್ಲಂತ ಅದಕ್ಕ ಕಾಣ್ಲಿ." ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ನೀವೂ ಸ್ವಲ್ಪ ಸಡಲ ಬಿಡ್ರಿ ಅಕ್ಕಾರ," ಎಂದರು. ನನಗೆ ಸಿಟ್ಟು ಬಂತು. ಸೊಂಟ ಹಿಡಿದವರಿಗೆ ಎಲ್ಲದಕ್ಕೂ ಸಿಟ್ಟು ಬರುತ್ತದೆ.

ನೀಲಾ ಸೇತುವೆಯ ಮೇಲೆ ಹೋಗಿ ತಿರುಗಿ ನಿಂತಳು. ಹಗ್ಗ ಅವಳ ಕೈಯಿಂದ ಜೋಲಿ ಬಿದ್ದಿತ್ತು. ಎಷ್ಟೋ ಹೊತ್ತು ಇಬ್ಬರೂ ಹಾಗೇ ಇದ್ದರು. ಚಾಂದನಿ ಕಿವಿ ಮುಂದೆ ಮಾಡಿತು, ಒಂದು ಹೆಜ್ಜೆ ಇಟ್ಟಿತು, ಮತ್ತೊಂದು ಇಟ್ಟಿತು. ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ದಾಟಿ ಬಂತು.

ಐಹೊಳೆಯಲ್ಲಿ ದಿಲ್‌ಶಾದರ ಜೊತೆ ಕೆಲಸ ಮಾಡುವ ಟೀಚರೊಬ್ಬರ ತವರುಮನೆಯಲ್ಲಿ ಉಳಿದೆವು. ಆ ಮನೆಯ ಹಿರಿಯಾಕೆ ವಿಭೂತಿ ಹಚ್ಚಿದ ಹಣೆಯವರು. ತಂಬಿಗೆ ತಂದು ನಮಗೆ ಕಾಲಿಗೆ ನೀರು ಕೊಟ್ಟರು. ಆಮೇಲೆ ಕೊಡ ತಂದು ಕುದುರೆಗಳ ಕಾಲಿಗೂ ಸುರಿದರು. "ನಿಮ್ಮಕಿಂತ ಅವಽ ಹೆಚ್ಚು ನಡದಾವಲ್ಲಬೇ," ಎಂದರು. ಬಿಸಿ ಜೋಳದ ರೊಟ್ಟಿ, ಜುಣಕ, ಗಟ್ಟಿ ಮೊಸರು ಉಂಡು ನಾವು ಬಿದ್ದುಕೊಂಡದ್ದೊಂದೇ ಗೊತ್ತು.

ಮರುದಿನ ಅಮೀನಗಡ. ಬಸ್ಸುಗಳೆಲ್ಲ ಅಲ್ಲಿ ನಿಲ್ಲುತ್ತವೆ, ಕರದಂಟಿನ ಮಿಠಾಯಿ ಅಂಗಡಿಗಳು ರಸ್ತೆಗೇ ಹತ್ತಿಕೊಂಡಿವೆ. ನೀಲಾಗೆ ಸಣ್ಣಂದಿನಿಂದಲೂ ಅಲ್ಲಿಯ ಕರದಂಟು ಎಂದರೆ ಜೀವ. "ಬಾ, ನೀನೇ ಆರಿಸು," ಎಂದು ಕರೆದೆ. ಅಂಗಡಿಯ ಮುಂದೆ ಒಂದು ಬಸ್ಸು ಗುರುಗುಡುತ್ತ ನಿಂತಿತ್ತು. ಅವಳು ಅದನ್ನು ನೋಡಿ, "ಒಲ್ಲೆ ಅತ್ತಿ, ನೀನಽ ತಗೊಂಡು ಬಾ," ಎಂದು ಚಾಂದನಿಯ ಆಚೆ ಬದಿಗೆ ಸರಿದಳು. ತಂದುಕೊಟ್ಟೆ, ತಿಂದಳು. ನನ್ನ ಪಾಲನ್ನು ನಾನು ಹಾಗೇ ಚೀಲಕ್ಕೆ ಸೇರಿಸಿದೆ. ಕಾಲೇಜಿಗೆ ಉಳಿದದ್ದು ಒಂದೇ ವಾರ.

ಹುನಗುಂದದಲ್ಲಿ ದೊಡ್ಡ ಹೆದ್ದಾರಿಯನ್ನು ದಾಟುವುದಿತ್ತು. ಗ್ರಾನೈಟ್ ಹೇರಿದ ಲಾರಿಗಳು ಒಂದರ ಹಿಂದೊಂದು. ನೀಲಾ ಇಳಿದು ಚಾಂದನಿಯ ಹಗ್ಗ ಹಿಡಿದು ನಿಂತಳು, ಟಾಂಗಾ ಮೊದಲು ದಾಟಿತು. ನಾವು ಆಚೆ ದಂಡೆಯಲ್ಲಿ, ನೀಲಾ ಚಾಂದನಿ ಈಚೆ. ಕುದುರೆ ಡಬ್ಬಿ ಕೇಳಿ ಪಳಗಿದ್ದು, ಕಿವಿಯನ್ನೂ ಅಲುಗಿಸಲಿಲ್ಲ. ನಿಂತುಬಿಟ್ಟವಳು ನೀಲಾ. ಅವಳ ಮುಖ ಬಿಳಿಚಿಕೊಂಡದ್ದು ನನಗೆ ಅಲ್ಲಿಂದಲೇ ಕಂಡಿತು. ಇಳಿಯಲು ಹೋದೆ. ದಿಲ್‌ಶಾದ್ ನನ್ನ ರಟ್ಟೆ ಹಿಡಿದರು. ಚಾಂದನಿ ಜಗ್ಗಲಿಲ್ಲ, ದೂಡಲಿಲ್ಲ. ಅವಳ ಹೆಗಲಿಗೆ ಮೂತಿ ಹಚ್ಚಿ ಸುಮ್ಮನೆ ನಿಂತಿತು. ಲಾರಿಗಳು ಹೋದವು, ರಸ್ತೆ ಖಾಲಿಯಾಯಿತು, ಮತ್ತೆ ಲಾರಿಗಳು ಬಂದವು. ಮತ್ತೊಮ್ಮೆ ಖಾಲಿಯಾದಾಗ ಅವರಿಬ್ಬರೂ ಕೂಡಿಯೇ ದಾಟಿ ಬಂದರು. ನೀಲಾ ಬೆವೆತಿದ್ದಳು. ಯಾರೂ ಶಾಬಾಸ್ ಅನ್ನಲಿಲ್ಲ. ದಿಲ್‌ಶಾದ್ ನೀರಿನ ಬಾಟಲಿ ಕೊಟ್ಟರು ಅಷ್ಟೇ.

ಇಳಕಲ್ಲಿನಲ್ಲಿ ದಿಲ್‌ಶಾದರ ಚಿಕ್ಕಮ್ಮನ ಮನೆ, ಓಣಿಯಲ್ಲಿ ಇನ್ನೂ ಮಗ್ಗದ ಸದ್ದಿದೆ. ಮರುದಿನದ ಮೆರವಣಿಗೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಮದುವೆ ಎಲ್ಲ ಕಡೆಯೂ ಮದುವೆಯೇ. ಮದುಮಗ ದಪ್ಪಗಿದ್ದ. ಬ್ಯಾಂಡಿನವರು ಕಿವಿ ಹರಿಯುವಂತೆ ಬಾರಿಸಿದರು. ಚಾಂದನಿಯ ತಲೆಯ ಬಳಿ ನಮ್ಮ ನೀಲಾ, ಚಿಕ್ಕಮ್ಮ ಒತ್ತಾಯದಿಂದ ಉಡಿಸಿದ ಇಳಕಲ್ಲ ಸೀರೆಯಲ್ಲಿ. ಪಟಾಕಿ ಸಿಡಿದಾಗ ಅವಳ ತುಟಿ ಅಲುಗುತ್ತಿದ್ದುದು ಕಂಡಿತು. ಕುದುರೆಗೆ ಏನೋ ಹೇಳುತ್ತಿದ್ದಳು, ಅಥವಾ ತನಗೇ ಹೇಳಿಕೊಳ್ಳುತ್ತಿದ್ದಳು. ನನಗೆ ಹೆಮ್ಮೆ ಅನಿಸಿತು.

ಹೊರಡುವ ದಿನ ಬೇಗಂ ಕುಂಟಿತು. ಲಾಳ ಸಡಿಲಾಗಿ ಗೊರಸು ನೊಂದಿತ್ತು, ಒಂದು ವಾರ ನಡೆಸುವಂತಿರಲಿಲ್ಲ. ದಿಲ್‌ಶಾದರಿಗೆ ಎರಡು ದಿನ ಕಳೆದರೆ ಶಾಲೆ. ಬೇಗಂ ಕುದುರೆಯನ್ನೂ ಟಾಂಗಾವನ್ನೂ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು, ಚಾಂದನಿಯನ್ನು ಒಯ್ಯಲು ಒಂದು ಪಿಕಪ್ ಗಾಡಿ ಕರೆಸಿದರು. ನಾನು ನೀಲಾಳ ಮುಖ ನೋಡಿದೆ. ಬಸ್ಸಿನ ಹಂಚಿಕೆಯನ್ನು ಅಲ್ಲೇ ಕೈಬಿಟ್ಟೆ.

ಗಾಡಿಯನ್ನು ಮಣ್ಣಿನ ದಿಬ್ಬಕ್ಕೆ ಹಿಮ್ಮುಖವಾಗಿ ಹಚ್ಚಿ ನಿಲ್ಲಿಸಿದರು. ಚಾಂದನಿ ಹುಟ್ಟಿದಾಗಿನಿಂದ ಗಾಡಿ ಹತ್ತಿದ್ದಿಲ್ಲ. ಎರಡು ಹೆಜ್ಜೆ ದೂರದಲ್ಲೇ ಕಾಲೂರಿ ನಿಂತಿತು. ಓಣಿಯ ಜನ ಕೂಡಿ ಸಲಹೆ ಕೊಡತೊಡಗಿದರು, ಒಬ್ಬರು ಹಿಂದಿನಿಂದ ದೂಡಲೂ ಬಂದರು. ದಿಲ್‌ಶಾದ್ ಎಲ್ಲರನ್ನೂ ದೂರ ಕಳಿಸಿದರು. ನೀಲಾಳನ್ನು ಮಾತ್ರ ಅಲ್ಲೇ ಬಿಟ್ಟರು. ಹಗ್ಗ ಅವಳ ಕೈಯಲ್ಲಿತ್ತು.

ಅವಳು ಗಾಡಿ ನೋಡಿದಳು, ಕುದುರೆ ನೋಡಿದಳು. ಅಂಗೈ ಒರೆಸಿಕೊಂಡಳು. ಆಮೇಲೆ ದಿಬ್ಬದಿಂದ ಗಾಡಿಯೊಳಗೆ ಕಾಲಿಟ್ಟು, ಒಳಗಿನ ತುದಿಗೆ ಹೋಗಿ, ತಿರುಗಿ ನಿಂತಳು. ಹಗ್ಗ ಜೋಲಿ ಬಿಟ್ಟಳು. ಚಾಂದನಿ ಒಂದು ಕಾಲಿಟ್ಟಿತು, ತಗಡು ಧಡಲ್ಲೆಂದದ್ದಕ್ಕೆ ಹಿಂದೆ ತೆಗೆಯಿತು. ಅವಳು ಜಗ್ಗಲಿಲ್ಲ. ಕೊನೆಗೆ ಅದು ಅವಳತ್ತ ನೋಡುತ್ತಲೇ ಒಳಗೆ ಹೋಯಿತು.

ಹಿಂದಿನ ಬಾಗಿಲು ಹಾಕುವ ಮುಂಚೆ ದಿಲ್‌ಶಾದ್ ಕೇಳಿದರು, "ನೀಲಾ, ಇಳಿತಿಯೇನು? ಬೇಗಂ ಜೋಡಿ ಇಲ್ಲೇ ಇರಾಕ ಬರತೈತಿ. ಮುಂದಿನ ವಾರ ಟಾಂಗಾದಾಗ ಬರಬಹುದು."

ಮುಂದಿನ ವಾರ ಎಂದರೆ ಕಾಲೇಜಿನ ಸೀಟು ಹೋದಂತೆ. ನೀಲಾ ಕುದುರೆಯ ಕುತ್ತಿಗೆಗೆ ಹಣೆ ಹಚ್ಚಿ, "ನಾ ಇಳದ್ರ ಇದು ಒಬ್ಬಾಕಿನ ಆಗತೈತ್ರಿ," ಎಂದಳು. ಬಾಗಿಲು ಹಾಕಿದರು.

ನಾನು, ದಿಲ್‌ಶಾದ್ ಡ್ರೈವರ್ ಪಕ್ಕ ಒತ್ತಿಕೊಂಡು ಕೂತೆವು. ಹುನಗುಂದದವರೆಗೆ ನಾನು ಹಿಂದಿನ ಗಾಜಿನಿಂದ ಕಣ್ಣು ಕೀಳಲಿಲ್ಲ. ನೀಲಾ ಕಣ್ಣು ಮುಚ್ಚಿದ್ದಳು, ಬಿಳಿ ಕೂದಲನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಹುನಗುಂದ ದಾಟಿದ ಮೇಲೆ ಕಣ್ಣು ತೆರೆದಳು. ಒಮ್ಮೆ ಗಾಜು ಬಡಿದು ಕೂಗಿದಳು, "ಅತ್ತಿ, ತಿರುವಿನ್ಯಾಗ ಸಾವಕಾಶ ಹೊಡೀಲಿಕ್ಕೆ ಹೇಳು. ಇದು ಅಂಜತೈತಿ."

ಅಮೀನಗಡದಲ್ಲಿ ಡ್ರೈವರ್ ಚಹಾಕ್ಕೆ ನಿಲ್ಲಿಸಿದ. ನೀಲಾ ಹಗ್ಗವನ್ನು ಗಾಡಿಯ ಕಂಬಿಗೆ ಕಟ್ಟಿ, ಬಾಗಿಲು ತೆಗೆದು ತಾನೇ ಕೆಳಗಿಳಿದಳು. "ಕರದಂಟು ತರ್ತೇನಿ ಅತ್ತಿ," ಎಂದು ಎರಡು ಬಸ್ಸುಗಳ ನಡುವೆ ಹಾದು ಅಂಗಡಿಗೆ ಹೋದಳು. ನಾನು ಚಹಾದ ಲೋಟ ಹಿಡಿದುಕೊಂಡೇ ನಿಂತೆ. ಅವಳು ಬರುವಷ್ಟರಲ್ಲಿ ನಾವು ಒಳಗೆ ಕೂತಿದ್ದೆವು, ಡ್ರೈವರ್ ಎಂಜಿನ್ ಚಾಲೂ ಮಾಡಿಬಿಟ್ಟಿದ್ದ. ಗಾಡಿ ಪೂರಾ ನಡುಗುತ್ತಿತ್ತು. ಬಂದ್ ಮಾಡು ಎನ್ನಬೇಕೆಂದು ಬಾಯಿ ತೆರೆದವಳು ಸುಮ್ಮನಾದೆ. ಹಿಂದಿನ ಗಾಜಿನಿಂದ ನೋಡಿದೆ.

ನೀಲಾ ಬಾಗಿಲ ಬಳಿ ಪೊಟ್ಟಣ ಹಿಡಿದು ನಿಂತಿದ್ದಳು. ಈ ಸಲ ಒಳಗೆ ಹೋಗಿ ನಿಂತದ್ದು ಚಾಂದನಿ. ಅದು ಕತ್ತು ತಿರುಗಿಸಿ, ಕಿವಿ ಮುಂದೆ ಮಾಡಿ, ಅವಳನ್ನು ನೋಡುತ್ತಿತ್ತು. ಹಗ್ಗ ಜೋಲಿ ಬಿದ್ದಿತ್ತು. ನೀಲಾ ಒಂದು ಕಾಲಿಟ್ಟಳು, ಮತ್ತೊಂದು ಇಟ್ಟಳು, ಹತ್ತಿ ಬಂದು ಅದರ ಮಗ್ಗುಲಲ್ಲಿ ನಿಂತಳು. ಡ್ರೈವರ್ ಇಳಿದು ಹೋಗಿ ಬಾಗಿಲು ಹಾಕಿ ಬಂದ. ನನ್ನ ಕಣ್ಣು ತುಂಬಿಕೊಂಡವು, ದಿಲ್‌ಶಾದ್ ಕಿಟಕಿಯಾಚೆ ಮುಖ ಮಾಡಿದ್ದರು.

ಅವಳು ಅಂಗೈಯಿಂದ ತಗಡನ್ನು ಎರಡು ಸಲ ಬಡಿದಳು.

"ಹೋಗೂಣ್ರಿ," ಎಂದಳು.